ಕುಡಿ ಬಾಗಬೇಕು

ಮೇಣದಬತ್ತಿಯನ್ನು ಒಂದು ಗೇಣು ದೂರ ಇಟ್ಟಳು ಬೋಗ್ನಾ,
ದವಾಖಾನೆಯ ಹುಡುಗಿ, ನನ್ನ ಮೊಮ್ಮಗಳ ವಯಸ್ಸು.
"ಊದಿ. ಕುಡಿ ಬಾಗಬೇಕು, ಆರಬಾರದು."
ನಾನು ನಕ್ಕೆ. ನಗು ಕೆಮ್ಮಾಯಿತು,
ಕೆಮ್ಮಿಗೆ ದೀಪ ಆರಿತು.

ಮೂವತ್ತೊಂದು ವರ್ಷ ನೆಲದಡಿ, ಏಳುನೂರು ಮೀಟರು ಕೆಳಗೆ.
ಅಲ್ಲಿ ಉಸಿರಾಡುವುದನ್ನು ಯಾರೂ ಕಲಿಸಲಿಲ್ಲ.
ಉಸಿರೆತ್ತಬೇಡ ಅಂತ ಮಾತ್ರ ಕಲಿಸಿದ್ದರು,
ಮೇಸ್ತ್ರಿಯ ಎದುರು,
ತೊಲೆಯ ಮೇಲೆ ಕಲ್ಲು ಕರಕರ ಅಂದಾಗ.
ಉಸಿರು ನಮಗೆ ಸಂಬಳದ ಹಾಗೆ:
ಬಂತು, ಹೋಯಿತು, ಎಣಿಸಿದವರು ಯಾರು?

ಈಗ ಎಣಿಸುತ್ತೇನೆ.
ಒಳಕ್ಕೆ ಎರಡು, ಹೊರಕ್ಕೆ ನಾಲ್ಕು,
ತುಟಿ ಬಿಸಿ ಸಾರು ಆರಿಸುವ ಹಾಗೆ.
ಒಲೆಯ ಕಡೆಯಿಂದ ಹಿಲ್ಡಾ:
"ನಲವತ್ತು ವರ್ಷ ನನ್ನ ಸಾರಿಗೆ ಊದಿದವನಲ್ಲ,
ಈಗ ಬರೀ ಗಾಳಿಗೆ ಊದುತ್ತೀಯಲ್ಲ!"

ನಮ್ಮ ಸೈಲೀಸಿಯಾದಲ್ಲಿ ಚಳಿಗಾಲದ ಬಣ್ಣ ಬಿಳಿಯಲ್ಲ.
ಕೆಂಪಿಟ್ಟಿಗೆಯ ಬೀದಿಯಲ್ಲಿ ಪ್ರತಿ ಚಿಮಣಿಯೂ
ನಾನು ಅಗೆದು ಕಳಿಸಿದ್ದನ್ನು ನನಗೇ ಹಿಂತಿರುಗಿಸುತ್ತದೆ,
ಸಂಜೆ ನಾಲ್ಕಕ್ಕೆ, ಬಡ್ಡಿ ಸಮೇತ.
ಬೆಳಿಗ್ಗೆ ಬಿದ್ದ ಹಿಮ ಮಧ್ಯಾಹ್ನಕ್ಕೆ ಬೂದಿ.
ಆಗ ಕಿಟಕಿ ಮುಚ್ಚಬೇಕು, ಸಂದಿಗೆ ಬಟ್ಟೆ ತುರುಕಬೇಕು,
ಕುರ್ಚಿಯಲ್ಲಿ ಮುಂದಕ್ಕೆ ವಾಲಿ
ಮೊಣಕಾಲ ಮೇಲೆ ಮೊಣಕೈ ಊರಬೇಕು.
ಗಾಡಿಯವನ ಭಂಗಿ ಇದು, ಅನ್ನುತ್ತಾಳೆ ಬೋಗ್ನಾ.
ಕುದುರೆ ಇಲ್ಲ. ದಾರಿ ಮಾತ್ರ ಉದ್ದ.

ಜನವರಿಯ ಒಂದು ರಾತ್ರಿ ಗಾಳಿ ಬರಲೇ ಇಲ್ಲ.
ಬಾಯಿ ತೆರೆದೆ, ದಡಕ್ಕೆ ಬಿದ್ದ ಮೀನು.
ಎಳೆದಷ್ಟೂ ಬಾಗಿಲು ಬಿಗಿಯಿತು.
ಹಿಲ್ಡಾ ಎದ್ದು ಕೂತಳು, ಏನೂ ಅನ್ನಲಿಲ್ಲ,
ಬೆನ್ನಿನ ಮೇಲೆ ಅಂಗೈ ಇಟ್ಟು
ನಿಧಾನವಾಗಿ ತಾನೇ ಉಸಿರಾಡತೊಡಗಿದಳು.
ನನಗೆ ಕೇಳುವಷ್ಟು ಜೋರಾಗಿ.
ನಾನು ಅದರ ಹಿಂದೆ ಹೋದೆ, ಕತ್ತಲಲ್ಲಿ
ಮುಂದಿನವನ ದೀಪದ ಹಿಂದೆ ಹೋಗುತ್ತಿದ್ದ ಹಾಗೆ.
ಎಳೆಯಬಾರದು, ಬಿಡಬೇಕು ಮೊದಲು.
ಬಿಟ್ಟ ಮೇಲೆ ಅದು ತಾನೇ ಬರುತ್ತದೆ,
ಗದರಿಸಿದರೆ ಬಾರದ ಬೆಕ್ಕು.

ಏಪ್ರಿಲ್. ಪಾರಿವಾಳದ ಗೂಡಿಗೆ ಹತ್ತು ಮೆಟ್ಟಿಲು,
ಮೂರಕ್ಕೊಂದು ಬಿಡುವು.
ಬೂದುಬಣ್ಣದ ಹೆಣ್ಣನ್ನು ಎರಡೂ ಅಂಗೈಯಲ್ಲಿ ಹಿಡಿದೆ,
ಅದರೆದೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು.
ಸಮಾಧಾನ, ಸಮಾಧಾನ ಅಂದೆ.
ಅದು ಕೇಳಲಿಲ್ಲ.
ಕೇಳಿದ್ದು ನಾನು.

ಬೇಸಿಗೆಗೆ ಪಾರ್ಕಿನ ಉಪ್ಪುಗೋಡೆ ಇದೆ.
ಮುಳ್ಳುಕಡ್ಡಿಯ ಕಂತೆ ಎತ್ತರಕ್ಕೆ ಪೇರಿಸಿ
ಮೇಲಿಂದ ಉಪ್ಪುನೀರು ಹರಿಸುತ್ತಾರೆ, ತೊಟತೊಟ.
ಬೆಂಚಿನ ಮೇಲೆ ಹಳೆಯ ಪಾಳಿಯವರು ನಾವು,
ಸಮುದ್ರ ಕಾಣದೆ ಸಮುದ್ರ ಸೇದುವವರು.
ಧ್ಯಾನ ಅಂದರೆ ಹುಬರ್ಟ್ ನಕ್ಕಾನು;
ಕೂತಿದ್ದೇವೆ, ಅಷ್ಟೆ.
ಒಂದು ಹನಿ ಮುಳ್ಳಿನಿಂದ ಮುಳ್ಳಿಗೆ ಇಳಿಯುವುದರೊಳಗೆ
ಪಿಂಚಣಿ, ಫುಟ್‌ಬಾಲ್, ಸೊಸೆಯರ ಮೇಲಿನ ದೂರು
ಒಂದೊಂದಾಗಿ ಸದ್ದಡಗುತ್ತವೆ.
ಯಾರೋ "ಮಳೆ ಬಂದೀತು" ಅನ್ನುವವರೆಗೆ.
ತುಟಿ ನೆಕ್ಕಿಕೊಳ್ಳುತ್ತಾ ಏಳುತ್ತೇವೆ.

ಈಗ ನವೆಂಬರ್, ಸತ್ತವರ ದಿನ. ಎರ್ವಿನ್‌ನ ಸಮಾಧಿ.
ಗಣಿಯೊಳಗೆ ಸಿಳ್ಳೆ ಹಾಕಬಾರದು ಅಂತಿತ್ತು,
ನೆಲದಡಿಯ ಮುದುಕ ಮುನಿಯುತ್ತಾನಂತೆ, ಕಲ್ಲು ಉರುಳಿಸುತ್ತಾನಂತೆ.
ಎರ್ವಿನ್ ಸದ್ದಿಲ್ಲದೆ ಸಿಳ್ಳೆ ಹಾಕುತ್ತಿದ್ದ.
ತುಟಿ ಮಾತ್ರ ಮೊಗ್ಗು, ಗಾಳಿ ಮಾತ್ರ ಹೊರಗೆ,
ಇಡೀ ಪಾಳಿ, ಯಾವುದೋ ಪೋಲ್ಕಾದ ತಾಳಕ್ಕೆ.
ಎಷ್ಟು ಆಡಿಕೊಂಡೆವು ಅವನನ್ನು!
ನಮ್ಮಲ್ಲಿ ಕೈ ನಡುಗದೆ ಇದ್ದವನು
ಅವನೊಬ್ಬನೇ ಅಂತ ಹೊಳೆಯಲು
ಇಷ್ಟು ವರ್ಷ, ಇಂಥ ಎದೆ ಬೇಕಾಯಿತು.

ಗಾಜಿನೊಳಗೆ ಬತ್ತಿ ಹಚ್ಚಿ ಬಗ್ಗಿದೆ.
ಸ್ಮಶಾನದ ತುಂಬ ದೀಪ, ಜನ, ಸೇವಂತಿಗೆ.
ಒಳಕ್ಕೆ ಎರಡು.
ಹೊರಕ್ಕೆ ನಾಲ್ಕು, ಅವನ ಹಾಗೆ, ಸದ್ದಿಲ್ಲದೆ.
ಕುಡಿ ಬಾಗಿತು ಅವನ ಹೆಸರಿನ ಕಡೆಗೆ,
ಮತ್ತೆ ನೆಟ್ಟಗೆ ನಿಂತಿತು.

"ಏನು ಮಾಡುತ್ತಿದ್ದೀಯ, ಆರಿಸಿಬಿಡುತ್ತೀಯ," ಅಂದಳು ಹಿಲ್ಡಾ,
ಶಾಲು ಎಳೆದುಕೊಳ್ಳುತ್ತಾ.
ಇಲ್ಲ ಮಾರಾಯ್ತಿ, ಅಂದೆ. ಪೂರ್ತಿ ಒಂದೇ ಉಸಿರಿನಲ್ಲಿ.